ಟ್ಯಾಲಿ ಆಗದ ಸಂಜೆ



ಹೋದ ವಾರ ಮೊಮ್ಮಗಳು ಶಾಲೆಯಿಂದ ಬಂದವಳೇ, “ತಾತ, ನಾನು ದೊಡ್ಡವಳಾಗೋ ಹೊತ್ತಿಗೆ ಬೆಂಗಳೂರಲ್ಲಿ ನೀರೇ ಇರಲ್ವಂತೆ. ಮತ್ತೆ ಗಿಡ ಯಾಕೆ ನೆಡಬೇಕು?” ಎಂದು ಕೇಳಿದಳು. ಪಕ್ಕದಲ್ಲಿದ್ದ ನನ್ನ ಗೆಳೆಯರು, “ಏನೂ ಆಗಲ್ಲ ಪುಟ್ಟಿ, ಅಷ್ಟರಲ್ಲಿ ವಿಜ್ಞಾನಿಗಳು ಏನಾದರೂ ಕಂಡುಹಿಡೀತಾರೆ” ಎಂದು ನಕ್ಕರು. ಅವಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಹುಣಸಮಾರನಹಳ್ಳಿಯ ಮನೆ ಮುಂದೆ ಟ್ಯಾಂಕರಿನ ದಾರಿ ಕಾದದ್ದು ಇಬ್ಬರಿಗೂ ನೆನಪಿದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಆಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗುವಂತಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಒಬ್ಬರು ತಲೆ ಮೇಲೆ ಕೈಹೊತ್ತು, “ಇದು ಸಿಗೋದಲ್ಲ” ಅನ್ನುತ್ತಿದ್ದರು. ಇನ್ನೊಬ್ಬರು, “ಎಲ್ಲಿ ಹೋಗುತ್ತೆ, ಸಿಗುತ್ತೆ ಬಿಡಿ” ಅನ್ನುತ್ತಿದ್ದರು. ಇಬ್ಬರೂ ಒಂದು ವೋಚರನ್ನೂ ಮುಟ್ಟುತ್ತಿರಲಿಲ್ಲ! ತಪ್ಪು ಸಿಗುತ್ತಿದ್ದದ್ದು, ಕಟ್ಟು ಬಿಚ್ಚಿ ಒಂದೊಂದಕ್ಕೂ ಟಿಕ್ ಹಾಕುತ್ತ ಕೂತವರಿಗೆ.

ನಮ್ಮ ಕೆರೆಗಳ ಲೆಕ್ಕವೂ ಹೀಗೇ. ಬೆಳ್ಳಂದೂರು ಕೆರೆಗೆ ವರ್ಷಗಟ್ಟಲೆ ಊರಿನ ಕೊಳಚೆ ಹರಿಯಿತು. ನೊರೆ ಎದ್ದು ರಸ್ತೆಗೆ ಹಾರಿತು. 2018ರ ಜನವರಿಯಲ್ಲಿ ಅಲ್ಲಿ ಬೆಂಕಿಯೇ ಹೊತ್ತಿಕೊಂಡಿತು. ಆರಿಸಲು ಸೈನಿಕರು ಬರಬೇಕಾಯಿತು. ಹೆದರುವವರ ಮಾತು ಸುಳ್ಳಲ್ಲ, ನೋಡಿ.

ಆದರೆ ಜಕ್ಕೂರಿಗೆ ಬನ್ನಿ. ಸುಮಾರು 160 ಎಕರೆಯ ಕೆರೆ. ಅಲ್ಲಿಗೂ ಬರುವುದು ಊರಿನ ಬಚ್ಚಲು ನೀರೇ. ಊರು ಇರುವತನಕ ಅದು ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡೇ ಕೆಲಸ ಶುರುವಾಯಿತು. ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿಂದ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿಯುತ್ತದೆ. ನೀರಲ್ಲಿ ಉಳಿದ ಸಾರಜನಕ, ರಂಜಕವನ್ನು ಗಿಡಗಳು ಗೊಬ್ಬರದಂತೆ ಹೀರಿಕೊಳ್ಳುತ್ತವೆ. ಆಮೇಲೆ ಕೆರೆ ಸೇರುತ್ತದೆ. ಇವತ್ತು ಅಲ್ಲಿ ಮೀನು ಹಿಡಿಯುವವರಿದ್ದಾರೆ, ಹೆಜ್ಜಾರ್ಲೆಗಳು ಬರುತ್ತವೆ.

ಹಾಗಂತ ಲೆಕ್ಕ ಮುಗಿದಿಲ್ಲ. ಕಾವಲು ತಪ್ಪಿದರೆ ಕೊಳಚೆ ಮತ್ತೆ ನುಗ್ಗುತ್ತದೆ. ದಿನದ ಪುಸ್ತಕ ದಿನವೂ ಬರೆಯಬೇಕು.

ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಏರಿಯ ಮೇಲೆ ನಿಲ್ಲಿಸಿದೆ. ತುಂಬ ಹೊತ್ತು ನೋಡಿದಳು. “ತಾತ, ಇದು ಬಚ್ಚಲು ನೀರಾ?” ಎಂದಳು. ನಾನು, “ಹೂಂ, ನಮ್ಮಂಥವರ ಮನೆಯದ್ದೇ” ಎಂದೆ.

ಮನೆಗೆ ಬಂದು ತರಕಾರಿ ತೊಳೆದ ನೀರಿಗೆ, ಫಿಲ್ಟರ್ ಹೊರಬಿಡುವ ನೀರಿಗೆ ಬಕೆಟ್ ಇಟ್ಟಳು. ದಿನಕ್ಕೆ 15 ಲೀಟರಿನ ಎರಡು ಬಕೆಟ್ ತುಂಬುತ್ತವೆ. ಹಳೇ ಗುಮಾಸ್ತನಲ್ಲವೇ, ಗುಣಿಸಿ ನೋಡಿದೆ: ವರ್ಷಕ್ಕೆ 10,950 ಲೀಟರ್. ಇದರಿಂದ ಬೆಂಗಳೂರಿನ ಬಾಯಾರಿಕೆ ತೀರುವುದಿಲ್ಲ, ಅದೂ ಅವಳಿಗೆ ಗೊತ್ತು. ಆದರೆ ಅವಳು ನೆಟ್ಟ ನುಗ್ಗೆಗಿಡ ಚಿಗುರಿದೆ.

ನಿಮ್ಮ ಮನೆಯಲ್ಲಿ ಎಷ್ಟು ಬಕೆಟ್ ನೀರು ಸುಮ್ಮನೆ ಹರಿದುಹೋಗುತ್ತದೆ? ಒಂದು ವಾರ ಅಳೆದು ಬರೆದಿಡಿ. ಕೂಡಿಸುವಾಗ ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ.