ಕೋಲಾರದ ಕೆರೆಯಲ್ಲಿ ಔಷಧದ ಅಂಶವನ್ನೂ ಅಳೆಯಿರಿ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರಿಗೆ,



ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆಗಳು ತುಂಬಿದ್ದು ಸಣ್ಣ ಮಾತಲ್ಲ. ಯೋಜನೆ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ನೀರಿನ ಗುಣಮಟ್ಟ ಹೇಳುವ ಬಿಒಡಿ, ಸಿಒಡಿ, ಕೋಲಿಫಾರ್ಮ್ ಅಂಕಿಗಳನ್ನು ಎಷ್ಟು ತಿರುವಿ ಹಾಕಿದರೂ ಬೆಂಗಳೂರಿನವರು ನುಂಗಿದ ಮಾತ್ರೆಗಳ ಉಳಿಕೆ ಅಲ್ಲಿ ಕಾಣುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಸಾಮಾನ್ಯ ಚರಂಡಿ ನೀರು ಸಂಸ್ಕರಣಾ ಘಟಕವನ್ನು (ಎಸ್‌ಟಿಪಿ) ಹೆಚ್ಚುಕಡಿಮೆ ಹಾಗೇ ದಾಟಿಬಿಡುತ್ತದೆ. ಚರಂಡಿ ನೀರು ಅಂತರ್ಜಲಕ್ಕೆ ಇಳಿದಿದೆಯೇ ಎಂದು ಪತ್ತೆ ಹಚ್ಚಲು ಹೊರದೇಶಗಳ ವಿಜ್ಞಾನಿಗಳು ಇದನ್ನೇ ಗುರುತಾಗಿ ಬಳಸುತ್ತಾರೆ. ಅಂತರ್ಜಲ ಮರುಪೂರಣಕ್ಕೆಂದೇ ಕೆರೆ ತುಂಬಿಸುವವರು ಇದನ್ನು ಬಿಟ್ಟರೆ ಹೇಗೆ?

ಇಂಥ ಉಳಿಕೆಯನ್ನು ನಿಖರವಾಗಿ ಅಳೆಯುವ ಎಲ್‌ಸಿ–ಎಂಎಸ್ ಯಂತ್ರದ ಪರೀಕ್ಷೆ ದುಬಾರಿ, ತಡ, ಒಪ್ಪುತ್ತೇನೆ. ಅದಕ್ಕೇ ಎಲೆಕ್ಟ್ರೊಕೆಮಿಕಲ್ ಸಂವೇದಕಗಳ ಮಾತು. ಇಂಗಾಲದ ಶಾಯಿಯಿಂದ ಅಚ್ಚೊತ್ತಿದ ಪಟ್ಟಿ ಅದು, ಗ್ಲೂಕೋಮೀಟರಿನ ಪಟ್ಟಿಯ ದಾಯಾದಿ. ಮೇಲೆ ನೀರಿನ ಹನಿ ಬಿಟ್ಟು ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ, ನೋವುನಿವಾರಕ ಡೈಕ್ಲೋಫೆನಾಕ್ ಒಂದು ಕಡೆ, ಕಾರ್ಬಮಜೆಪಿನ್ ಇನ್ನೂ ಮೇಲೆ ಎಲೆಕ್ಟ್ರಾನ್ ಕಳೆದುಕೊಂಡು ಕರೆಂಟಿನ ಗೆರೆಯಲ್ಲಿ ದಿಬ್ಬ ಎಬ್ಬಿಸುತ್ತವೆ. ದಿಬ್ಬದ ಎತ್ತರದಿಂದ ಪ್ರಮಾಣ ತಿಳಿಯುತ್ತದೆ. ಇದೆಲ್ಲ ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಚೆಂದ, ಕೊಳಚೆಯಲ್ಲಿ ಪಟ್ಟಿಗೆ ಜಿಡ್ಡು ಹಿಡಿಯುತ್ತದೆ, ದಿಬ್ಬಗಳು ಒಂದರ ಮೇಲೊಂದು ಬೀಳುತ್ತವೆ ಎಂದು ನಿಮ್ಮ ಅಧಿಕಾರಿಗಳು ಹೇಳಿಯಾರು. ಸರಿಯಾದ ಮಾತೇ. ಆದ್ದರಿಂದ ಪ್ರತಿ ಸಲ ಹೊಸ ಪಟ್ಟಿ ಬೇಕು. ಅದೇ ನೀರಿಗೆ ಗೊತ್ತಿರುವಷ್ಟು ಔಷಧ ಬೆರೆಸಿ ದಿಬ್ಬ ತಕ್ಕಂತೆ ಏರಿತೇ ಎಂದು ನೋಡಬೇಕು. ಲೀಟರಿಗೆ ನ್ಯಾನೊಗ್ರಾಂ ಮಟ್ಟದಲ್ಲಿದ್ದರೆ ಮಾದರಿಯನ್ನು ಮೊದಲು ಸಾಂದ್ರಗೊಳಿಸದೆ ಏನೂ ಸಿಗದಿರಬಹುದು. ಸಂವೇದಕ ಜರಡಿಯಷ್ಟೇ, ತೀರ್ಪು ಎಲ್‌ಸಿ–ಎಂಎಸ್‌ನದೇ. ಜರಡಿ 'ಇಲ್ಲ' ಎಂದ ಕೆಲವು ಮಾದರಿಗಳೂ ಅಲ್ಲಿಗೆ ಹೋಗಲಿ.

ಔಷಧದ ಉಳಿಕೆಗೆ ಮಿತಿಯೇ ನಿಗದಿಯಾಗಿಲ್ಲ, ಅಳೆದೇನು ಫಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನ ಆ್ಯಂಟಿಬಯೋಟಿಕ್‌ಗಳಿಗೆ ಕೇಂದ್ರದ 2020ರ ಕರಡು ಅಧಿಸೂಚನೆ ಮಿತಿ ಹೇಳಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಅದು ಮಾಯವಾಯಿತು. ಆದರೆ 1974ರ ಜಲ ಕಾಯ್ದೆಯ 17ನೇ ಸೆಕ್ಷನ್ ಮಾನದಂಡ ಹಾಕುವ ಅಧಿಕಾರವನ್ನು ನಿಮಗೂ ಕೊಟ್ಟಿದೆ, ಅಂಕಿಅಂಶವಿಲ್ಲದೆ ಅದನ್ನು ಚಲಾಯಿಸುವುದು ಹೇಗೆ? ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಔಷಧ ಕಾರ್ಖಾನೆಗಳ ನೀರು ಸಂಸ್ಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಇದ್ದದ್ದು 2007ರಲ್ಲಿ ಪ್ರಕಟವಾಯಿತು, ಅದೂ ಸ್ವೀಡನ್ನಿನ ಸಂಶೋಧಕರು ಹುಡುಕಿದ್ದರಿಂದ. ಕೋಲಾರಕ್ಕೆ ಬರುವುದು ಮುಖ್ಯವಾಗಿ ಮನೆಗಳ ನೀರು. ಅಂಥ ಪ್ರಮಾಣವನ್ನು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಎಸ್‌ಟಿಪಿಯ ಹೊರಹರಿವು, ಮೊದಲು ತುಂಬುವ ಕೆರೆ, ಕೊನೆಯ ಕೆರೆ, ಪಕ್ಕದ ಕೊಳವೆಬಾವಿಗಳು — ಇಷ್ಟು ಕಡೆ ಒಂದು ವರ್ಷ ತಿಂಗಳಿಗೊಮ್ಮೆ ಅಳೆದು, ಬಂದ ಅಂಕಿಯನ್ನು ಬಂದಂತೆ ಕೋಲಾರದ ಪಂಚಾಯಿತಿಗಳಿಗೆ ಕನ್ನಡದಲ್ಲಿ ಕಳಿಸಿಕೊಡಿ.

ಇಂತಿ,
ಒಬ್ಬ ನಾಗರಿಕ