ರಂಗಶಿಬಿರವೂ ಮಾತಿನ ಅಂಜಿಕೆಯೂ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದನು. ಶಾಲೆಗಳ ಸ್ನೇಹಸಮ್ಮೇಳನಗಳಲ್ಲಿ ನಡೆಯುವ ನಾಟಕಗಳನ್ನು ಕಂಡವರಿಗೆ, ಉಳಿದ ಮೂರೂ ಲೋಪವಾಗಿ ಆಹಾರ್ಯವೊಂದೇ ಶೇಷವಾಗಿದೆಯೋ ಎಂಬ ಸಂಶಯ ಬಾರದಿರದು. ಬಾಡಿಗೆಯ ಕಿರೀಟ, ಮಿರುಗುವ ಅಂಗಿ, ಬಣ್ಣದ ದೀಪ, ಎಲ್ಲವೂ ಸಜ್ಜು. ಮಾತು ಮಾತ್ರ ಧ್ವನಿಮುದ್ರಿಕೆಯಿಂದ ಬರುತ್ತದೆ, ಮಕ್ಕಳು ತುಟಿಯಾಡಿಸುತ್ತಾರೆ. ಇದನ್ನು ನಾಟಕವೆಂದು ಕರೆಯುವುದು ಆ ಶಬ್ದಕ್ಕೇ ಅಪಚಾರ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧಗಂಟೆ ನಿಂತರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನುಡಿಗಳೆಲ್ಲ ಕಿವಿಗೆ ಬೀಳುತ್ತವೆ. ತಾಂಡಾಗಳಿಂದ ಬಂದವರ ಲಂಬಾಣಿಯೂ ಅದರೊಡನೆ ಬೆರೆಯುತ್ತದೆ. ಅಲ್ಲಿ ತಂದೆಯ ಪಕ್ಕದಲ್ಲಿ ನಿಂತು ಗಿರಾಕಿಯೊಡನೆ ನಿರರ್ಗಳವಾಗಿ ಚೌಕಾಸಿ ಮಾಡುವ ಹುಡುಗನೇ ಶಾಲೆಯ ವೇದಿಕೆಯನ್ನೇರಿದೊಡನೆ ಮೂಕನಾಗುತ್ತಾನೆ. ಮಾತು ಅವನಲ್ಲಿಲ್ಲವೆಂದಲ್ಲ. ‘ಮನಿಗಿ ಹೊಂಟೀನಿ’ ಎಂದಾಗಲೆಲ್ಲ ಅದು ತಪ್ಪೆಂದು ತಿದ್ದಿಸಿಕೊಂಡು, ಬಾಯಿ ತೆರೆಯುವುದೇ ತಪ್ಪೆಂದು ಅವನು ತಿಳಿದಿದ್ದಾನೆ. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ಹಾಗೂ ಶಿಕ್ಷಣದ ಭಾಷೆಯಾಗಿದ್ದಾಗ ಕನ್ನಡವನ್ನು ಕಾಪಾಡಿದ್ದು ಮನೆಯ ಮಾತು, ಮಠದ ಜಗುಲಿ, ಭಜನೆ, ಬಯಲಾಟಗಳಲ್ಲವೆ? ಅಂದು ಉಳಿಸಿದ ನುಡಿಯೇ ಇಂದು ಅಶುದ್ಧವೆನಿಸಿದರೆ ಅದಕ್ಕಿಂತ ವಿಪರ್ಯಾಸ ಬೇರಿಲ್ಲ. ನೃಪತುಂಗನ ಮಾನ್ಯಖೇಟವು ಇದೇ ಜಿಲ್ಲೆಯ ಮಳಖೇಡ. ಅವನ ಆಸ್ಥಾನದಲ್ಲಿ ಮೈದಾಳಿದ ‘ಕವಿರಾಜಮಾರ್ಗ’ವೇ ಕನ್ನಡಗಳು ಹಲವೆಂಬುದನ್ನು ಒಪ್ಪಿಕೊಂಡಿತ್ತು. ವ್ಯಾಕರಣ ಕಲಿಸುವವರು ಈ ಮಾತನ್ನು ಮರೆಯಲಾಗದು.

ಯುವಕರಿಗೆ ರಂಗಶಿಬಿರ ಬೇಕಾಗಿರುವುದು ಮುಖ್ಯವಾಗಿ ಈ ಅಂಜಿಕೆಯನ್ನು ಕಳೆಯುವುದಕ್ಕಾಗಿ. ಮೊದಲ ವಾರ ಮಕ್ಕಳು ತಮ್ಮ ಮನೆಯ ಮಾತಿನಲ್ಲೇ ಆಡಲಿ. ಗ್ರಂಥಭಾಷೆ ಆಮೇಲೆ ಬರಲಿ. ಹಾಗೆಂದು ಅದು ಬರುವುದೇ ಬೇಡವೆಂದು ಯಾರೂ ಭಾವಿಸಬಾರದು. ಉತ್ತರ ಕರ್ನಾಟಕದ ಆಡುನುಡಿಯಲ್ಲೇ ರಚಿತವಾದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ. ವಿ. ಕಾರಂತರು ರಂಗಕ್ಕೆ ತಂದಾಗ ಬೆಂಗಳೂರಿನವರು ಮೆಚ್ಚಿ ನೋಡಿದರು. ಊರಿನ ಮಾತಿಗೆ ರಂಗದಲ್ಲಿ ಎಡೆಯಿಲ್ಲವೆಂಬ ವಾದ ಅಂದೇ ಮುಗಿಯಬೇಕಿತ್ತು.

ಮಠಗಳಿಗೆ ನಟನೆಯ ಸಹವಾಸ ಸಲ್ಲದೆಂಬ ಹಿರಿಯರೂ ಇದ್ದಾರೆ. ಬಹುರೂಪಿ ಚೌಡಯ್ಯನು ವೇಷ ಕಟ್ಟಿಯೇ ಬದುಕಿದ ಶರಣ. ನಗೆಯ ಮಾರಿತಂದೆಯ ಕಾಯಕವು ಜನರನ್ನು ನಗಿಸುವುದೇ ಆಗಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೆಂಬ ಸಣ್ಣ ಊರಿನಿಂದ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ೧೯೯೭ರಲ್ಲಿ ಆರಂಭಿಸಿದ ‘ಶಿವಸಂಚಾರ’ವು ವರ್ಷವರ್ಷವೂ ನಾಟಕಗಳನ್ನು ಹೊತ್ತು ನಾಡನ್ನು ಸುತ್ತುತ್ತದೆ. ಅದಕ್ಕೂ ಮುನ್ನ, ೧೯೪೯ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ಕೆ. ವಿ. ಸುಬ್ಬಣ್ಣನವರು ಅಡಿಕೆ ಬೆಳೆಯುವ ಹಳ್ಳಿಯಲ್ಲಿ ಸಾಧಿಸಿದ್ದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಅಸಾಧ್ಯವೆನ್ನಲು ಕಾರಣವೇನು? ಕಲಬುರಗಿಯಲ್ಲಿ ರಂಗಾಯಣವಿದೆ, ಡಾ. ಎಸ್. ಎಂ. ಪಂಡಿತ ರಂಗಮಂದಿರವಿದೆ. ಅಲ್ಲಿಗೆ ಹೋಗಿ ನೋಡುವ ಮಕ್ಕಳೆಷ್ಟು ಎಂಬುದನ್ನು ಪ್ರತಿ ಶಾಲೆಯೂ ತನ್ನಲ್ಲೇ ಎಣಿಸಿಕೊಳ್ಳಲಿ.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನಕ್ಕಿಳಿಯಿತು. ತೇರ್ಗಡೆಯಾದವರು ನೂರಕ್ಕೆ ೪೨ರಷ್ಟು ಮಾತ್ರ. ಇಂತಹ ಸ್ಥಿತಿಯಲ್ಲಿ ನಾಟಕವೇಕೆಂದು ಪಾಲಕರು ಕೇಳಿದರೆ ಅವರನ್ನು ಅರಸಿಕರೆಂದು ಹಳಿಯುವುದು ಅನ್ಯಾಯ. ರಂಗಶಿಬಿರದಿಂದ ಅಂಕಗಳು ಏರುತ್ತವೆಂದು ಭರವಸೆ ಕೊಡುವುದೂ ಅಷ್ಟೇ ಅಪ್ರಾಮಾಣಿಕ. ಆದರೆ ಅನುತ್ತೀರ್ಣರಾಗುವವರಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ತಿಳಿಯದುದನ್ನು ವರ್ಷವಿಡೀ ಕೇಳದೆ ಉಳಿದ ಮಕ್ಕಳು ಎಷ್ಟೋ ಇದ್ದಾರೆಂಬುದನ್ನು ಅಧ್ಯಾಪಕರು ಬಲ್ಲರು. ನಲವತ್ತು ಜನರೆದುರು ಒಂದು ವಾಕ್ಯವನ್ನು ಗಟ್ಟಿಯಾಗಿ ಆಡಿದ ಮಗುವಿಗೆ ಗಣಿತದ ತರಗತಿಯಲ್ಲಿ ‘ತಿಳೀಲಿಲ್ರೀ ಸರ್’ ಎನ್ನುವುದು ಅಷ್ಟು ಕಷ್ಟವಾಗದು. ಡಿಸೆಂಬರಿನ ನಂತರ ಶಿಬಿರ ಬೇಡ, ಅದು ಓದಿನ ಕಾಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದರಿಂದ ಬೇಸಿಗೆ ಶಿಬಿರವೆಂದರೆ ಬೆಳಗಿನ ಹತ್ತರೊಳಗೆ ಮುಗಿಯಬೇಕು. ದಸರೆಯ ರಜೆಯೇ ಲೇಸು.

ದಾನಿಗಳಲ್ಲಿ ಒಂದು ಬಿನ್ನಹ. ಪರದೆಗೂ ದೀಪಕ್ಕೂ ಹಣ ಸುಲಭವಾಗಿ ಬರುತ್ತದೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ, ಹೆಸರು ಬರೆಸಲು ಜಾಗವೂ ಇರುತ್ತದೆ. ತಾಲೀಮು ಮುಗಿಸಿ ಸಂಜೆ ಸೂಪರ್ ಮಾರ್ಕೆಟ್ಟಿನ ನಿಲ್ದಾಣಕ್ಕೆ ಬಂದ ಕಮಲಾಪುರದ ಹುಡುಗಿಗೆ ಹೊತ್ತು ಮುಳುಗುವ ಮೊದಲು ಬಸ್ಸು ಸಿಕ್ಕದಿದ್ದರೆ ಮರುದಿನ ಅವಳ ತಾಯಿ ಕಳಿಸುವುದಿಲ್ಲ. ಕಳಿಸದಿರುವುದು ತಪ್ಪೂ ಅಲ್ಲ. ಹೀಗೆ ಪಾತ್ರ ಬಿಟ್ಟ ಹುಡುಗಿಯರ ಜಾಗದಲ್ಲಿ ಹುಡುಗರಿಗೆ ಸೀರೆ ಉಡಿಸುವ ಹಳೆಯ ಉಪಾಯಕ್ಕೆ ಶಾಲೆಗಳು ಮತ್ತೆ ಮೊರೆಹೋಗುತ್ತವೆ. ಆದುದರಿಂದ ಶಿಬಿರವೇ ಕಮಲಾಪುರಕ್ಕೆ ಹೋಗಲಿ. ಒಬ್ಬ ಶಿಕ್ಷಕನ ಪ್ರಯಾಣ ವೆಚ್ಚ, ಮಕ್ಕಳಿಗೆ ಒಂದು ಹೊತ್ತಿನ ರೊಟ್ಟಿ-ಪಲ್ಯ, ಶಾಲೆಯದೇ ಅಂಗಳ: ಇಷ್ಟಕ್ಕೆ ಬೇಕಾದ ಹಣವು ಒಂದು ಮಖಮಲ್ಲಿನ ಪರದೆಯ ಬೆಲೆಯನ್ನು ಮುಟ್ಟಲಾರದು.