ಇವತ್ತಿನ ರೇಟು ನೋಡಿ ಟೊಮೆಟೊ ನಾರು ಹಾಕಬೇಡಿ

ಹೊಸ ಕೆಲಸ ಶುರು ಮಾಡುವ ಮುಂಚೆ ಕುರುಡುಮಲೆ ಗಣಪನಿಗೆ ಕೈಮುಗಿಯುವುದು ನಮ್ಮ ಕಡೆ ರೂಢಿ. ಚುನಾವಣೆ ಬಂದರೆ ದೊಡ್ಡ ನಾಯಕರೂ ಇಲ್ಲಿಂದಲೇ ಪ್ರಚಾರ ಆರಂಭಿಸುತ್ತಾರೆ. ಆದರೆ ಟೊಮೆಟೊ ನಾಟಿ ಮಾಡುವಾಗ ಮಾತ್ರ ನಾವು ಮೊದಲು ನೋಡುವುದು ಪಕ್ಕದವರ ಹೊಲವನ್ನು.

2023ರ ಜುಲೈ ನೆನಪಿದೆಯಲ್ಲ? ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಲಕ್ಷ ಲಕ್ಷ ಎಣಿಸಿದವರ ಸುದ್ದಿ ಎಲ್ಲರ ಮೊಬೈಲ್‌ಗೂ ಬಂತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು.

ನಾಟಿಯಾಗಿ ಮೊದಲ ಕೊಯ್ಲಿಗೆ ಎರಡು ತಿಂಗಳಾದರೂ ಬೇಕು. ಇವತ್ತಿನ ರೇಟು ನೋಡಿ ಎಲ್ಲರೂ ನಾಟಿ ಮಾಡಿದರೆ ಎಲ್ಲರ ಹಣ್ಣೂ ಒಂದೇ ಸಲ ಮಂಡಿಗೆ ಬರುತ್ತದೆ. ಮಳೆ, ರೋಗ, ಹೊರರಾಜ್ಯದ ಬೆಳೆ ನಮ್ಮ ಕೈಲಿಲ್ಲ, ನಿಜ. ನಾಟಿಯ ದಿನ ನಮ್ಮ ಕೈಲಿದೆ.

ಕಣ್ಣಿಗೆ ಕಟ್ಟಿದಂತೆ ನೆನಪಿರುವುದೇ ಹೆಚ್ಚು ಸಲ ನಡೆಯುತ್ತದೆ ಅಂತ ಮನುಷ್ಯ ನಂಬುತ್ತಾನೆ. ಡೇನಿಯಲ್ ಕಾನೆಮನ್, ಆಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು 1973ರಲ್ಲೇ ಬರೆದರು. ಗೆದ್ದವನ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ರಸ್ತೆಬದಿಗೆ ಹಣ್ಣು ಸುರಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ತಪ್ಪು ಕೊಯ್ಲಿನಲ್ಲಿ. ಕೂಲಿ, ಬಾಡಿಗೆ, ಕಮಿಷನ್ ಸೇರಿ ಬಾಕ್ಸ್‌ಗೆ 80 ರೂಪಾಯಿ ಆಗುತ್ತದೆ ಅಂದುಕೊಳ್ಳಿ. ಮಂಡಿಯಲ್ಲಿ ಸಿಗುವುದು 60. ಆದರೂ "ಇಷ್ಟು ದುಡ್ಡು ಸುರಿದಿದ್ದೀವಲ್ಲ" ಅಂತ ಕೊಯ್ಯುತ್ತೇವೆ. ಕಡ್ಡಿಗೆ, ಔಷಧಿಗೆ ಹಾಕಿದ ದುಡ್ಡು ಕೊಯ್ದರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಕೊಯ್ದರೆ ಬಾಕ್ಸ್‌ಗೆ ಇನ್ನೂ 20 ರೂಪಾಯಿ ಹೋಗುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡುವುದು? ನಾರು ತರುವ ಮುಂಚೆ ಎರಡು ಮೂರು ನರ್ಸರಿಗಳಲ್ಲಿ ಬುಕಿಂಗ್ ಹೇಗಿದೆ ಅಂತ ಕೇಳಿ. ನೂಕುನುಗ್ಗಲಿದ್ದರೆ ಅದೇ ಎಚ್ಚರಿಕೆ. ಎಲ್ಲಾ ಜಮೀನಿಗೂ ಒಂದೇ ದಿನ ನಾಟಿ ಬೇಡ, ವಾರಗಳ ಅಂತರದಲ್ಲಿ ಭಾಗ ಮಾಡಿ. ಯಾವ ರೇಟಿಗಿಂತ ಇಳಿದರೆ ಕೊಯ್ಯುವುದಿಲ್ಲ ಅಂತ ನಾಟಿ ದಿನವೇ ಗೋಡೆ ಮೇಲೆ ಬರೆದಿಡಿ.

ತಪ್ಪೆಲ್ಲ ರೈತನದೇ ಅಂತ ನಾವು ಹೇಳುತ್ತಿಲ್ಲ. ಪಕ್ಕದೂರಿನಲ್ಲಿ ಎಷ್ಟು ಎಕರೆ ನಾಟಿಯಾಗಿದೆ ಅಂತ ಒಬ್ಬ ರೈತನಿಗೆ ಹೇಗೆ ಗೊತ್ತಾಗಬೇಕು? ಮಂಡಿ ರೇಟು ದಿನವೂ ಮೊಬೈಲ್‌ಗೆ ಬರುತ್ತದೆ. ತಾಲ್ಲೂಕಿನಲ್ಲಿ ಎಷ್ಟು ನಾಟಿಯಾಯಿತು ಅನ್ನುವುದನ್ನೂ ತೋಟಗಾರಿಕೆ ಇಲಾಖೆ ವಾರಕ್ಕೊಮ್ಮೆ ಹಾಗೇ ಕಳಿಸಲಿ.

ಕುರುಡುಮಲೆಗೆ ಕೂಡುಮಲೆ ಅನ್ನುವ ಹೆಸರೂ ಇದೆ, ಕೂಡುವ ಬೆಟ್ಟ ಅಂತ. ಮುಂದಿನ ನಾಟಿಗೆ ಮುಂಚೆ ಊರಿನವರು ಒಂದು ಸಂಜೆ ಕೂಡಿ, ಯಾರು ಯಾವಾಗ ನಾಟಿ ಮಾಡುತ್ತೀರಿ ಅಂತ ಮಾತಾಡಿಕೊಳ್ಳಿ. ಗಣಪನಿಗೆ ಆಮೇಲೆ ಕೈಮುಗಿದರೂ ಅವನೇನೂ ಬೇಜಾರು ಮಾಡಿಕೊಳ್ಳಲ್ಲ.